ಮೂವರು ಡಾಕ್ಟರಿಗೂ ಬೇಜಾರಾಗಬಾರದು ಅಂತ

ಎಪ್ಪತ್ತು ತುಂಬಿದ ಮೇಲೆ ನನಗೊಂದು ಹೊಸ ಚಟ ಹತ್ತಿಕೊಂಡಿತು ಅಂತ ನನ್ನ ಹೆಂಡತಿ ಜಲಜ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಕುಡಿತ ಅಲ್ಲ, ಇಸ್ಪೀಟು ಅಲ್ಲ, ಡಾಕ್ಟರು. "ಬೇರೆಯವರ ಗಂಡಂದಿರು ಸಾರಾಯಿ ಗಡಂಗಿಗೆ ಹೋಗುತ್ತಾರೆ, ನಮ್ಮವರು ಆಸ್ಪತ್ರೆಗೆ ಹೋಗುತ್ತಿದ್ದರು" ಅಂತ ಅವಳು ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಈಗ ನಗಬಹುದು ಬಿಡಿ. ನಡುವೆ ಒಂದಷ್ಟು ದಿನ ನಮ್ಮ ಮನೆಯಲ್ಲಿ ಯಾರ ಮುಖದಲ್ಲೂ ನಗು ಇರಲಿಲ್ಲ. ನನ್ನ ತಲೆ ಕೈಕೊಟ್ಟಿತ್ತು. ಅದು ಹೇಗೆ ಕೈಕೊಟ್ಟಿತು, ಹೇಗೆ ವಾಪಸು ಬಂತು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಆರೋಗ್ಯ ಕಾರ್ಡು ಕಿಸೆಯಲ್ಲಿಟ್ಟುಕೊಂಡು ತಿರುಗುವವರು ನಮ್ಮ ಕಡೆ ತುಂಬ ಜನ ಇದ್ದಾರೆ.

ನಾನು ವಾಸು, ಊರವರಿಗೆ ವಾಸಣ್ಣ. ಮನೆ ಕಾಪುವಿನಲ್ಲಿ. ಕೆಲಸ ಮಾಡಿದ್ದು ಕಟಪಾಡಿ ಜಂಕ್ಷನ್ನಿನಲ್ಲಿ, ಬಸ್ ಏಜೆಂಟ್ ಆಗಿ. ಘಟ್ಟದ ಮೇಲಿನವರಿಗೆ ಈ ಕೆಲಸ ಎಂತದ್ದು ಅಂತ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಒಂದೊಂದಕ್ಕೂ ಒಬ್ಬೊಬ್ಬ ಧಣಿ, ಒಂದರ ಹಿಂದೆ ಇನ್ನೊಂದು, ಅರ್ಧ ನಿಮಿಷಕ್ಕೂ ಜಗಳ. ಸ್ಟ್ಯಾಂಡಿನಲ್ಲಿ ನಿಂತು "ಉಡುಪಿ ಉಡುಪಿ ಉಡುಪಿ, ಮಣಿಪಾಲ ಮಣಿಪಾಲ" ಅಂತ ಕೂಗಿ ಜನ ಹತ್ತಿಸುವವನು, ಟೈಮ್ ನೋಡಿ "ರೈಟ್ ಪೋಯಿ" ಅಂತ ಬಸ್ಸು ಬಿಡಿಸುವವನು ಏಜೆಂಟ್. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವುದು ಶಿರ್ವದ ಮೇಲೆ ಬೆಳ್ಮಣ್ಣಿಗೆ ಹೋಗುತ್ತದೆ, ಯಾವುದು ಸೀದಾ ಮಂಗಳೂರಿಗೆ, ಎಲ್ಲ ನನ್ನ ತಲೆಯಲ್ಲೇ ಇತ್ತು. ಬೋರ್ಡು ನೋಡಬೇಕಾಗಿರಲಿಲ್ಲ, ಹಾರನ್ನು ಕೇಳಿಯೇ ಬಸ್ಸಿನ ಹೆಸರು ಹೇಳುತ್ತಿದ್ದೆ. ಜಂಬ ಅಂದುಕೊಳ್ಳಬೇಡಿ, ಕಟಪಾಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಈ ಕೆಲಸದಲ್ಲಿ ಒಂದು ಮರ್ಯಾದೆ ಉಂಟು. ನಾಲ್ಕಾರು ಧಣಿಗಳ ಬಸ್ಸಿಗೆ ಏಜೆಂಟ್ ಒಬ್ಬನೇ. ಹಾಗಾಗಿ ಒಬ್ಬರ ಎದುರು ಇನ್ನೊಬ್ಬರ ಬಸ್ಸಿನ ಸುದ್ದಿ ಎತ್ತಬಾರದು. ಅವರ ಬಸ್ಸಿಗೆ ಎಷ್ಟು ಜನ ಹತ್ತಿದರು ಅಂತ ಇವರಿಗೆ ಹೇಳುವ ಹಾಗಿಲ್ಲ, ಇವರ ಕಲೆಕ್ಷನ್ ಅವರಿಗೆ ಹೇಳುವ ಹಾಗಿಲ್ಲ. ಎಲ್ಲರಿಗೂ ಸಮಾನವಾಗಿ ಜನ ಹತ್ತಿಸಬೇಕು, ಎಲ್ಲರ ಹತ್ತಿರವೂ "ನಿಮ್ಮ ಬಸ್ಸೇ ಫಸ್ಟು" ಅನ್ನುವ ಮುಖ ಇಟ್ಟುಕೊಳ್ಳಬೇಕು. ಪ್ರಾಯ ಪೂರ್ತಿ ಹಾಗೆ ಬದುಕಿದವನು ನಾನು. ನನ್ನನ್ನು ಕೊನೆಗೆ ಆಸ್ಪತ್ರೆಯ ಮಂಚ ಹತ್ತಿಸಿದ್ದು ಇದೇ ಮರ್ಯಾದೆ.

ಎಪ್ಪತ್ತು ತುಂಬಿದಾಗ ಮಗಳು ಪ್ರತಿಮಾ ಬೆಳ್ಮಣ್ಣಿನಿಂದ ಬಂದು, ನನ್ನನ್ನು ಕರೆದುಕೊಂಡು ಹೋಗಿ, ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ಕಾರ್ಡು ಮಾಡಿಸಿಕೊಟ್ಟಳು. "ಅಪ್ಪ, ಇದು ಅಡ್ಮಿಟ್ ಆಗುವ ಹಾಗೆ ಎಂತಾದರೂ ಆದರೆ ಮಾತ್ರ. ಸುಮ್ಮನೆ ತೋರಿಸಿಕೊಂಡು ಬರಲಿಕ್ಕೆ ಅಲ್ಲ" ಅಂದಳು. ನಾನು ತಲೆ ಆಡಿಸಿದೆ. ಆದರೆ ಕಾರ್ಡು ಕೈಗೆ ಬಂದದ್ದೇ ನನಗೆ ಏನೋ ಒಂದು ಗತ್ತು ಬಂತು. ಅಡ್ಮಿಟ್ ಆಗಲಿಕ್ಕೆ ಕಾರ್ಡು ಉಂಟು, ಬರೀ ತೋರಿಸಲಿಕ್ಕೆ ಸರ್ಕಾರಿ ಆಸ್ಪತ್ರೆಯ ಚೀಟಿ ಉಂಟು, ಮಾತ್ರೆ ಅಲ್ಲೇ ಸಿಗುತ್ತದೆ. ಇನ್ನು ಬಸ್ಸು? ಹಳೆಯ ಏಜೆಂಟಿನ ಹತ್ತಿರ ಟಿಕೆಟ್ ಕೇಳುವ ಕಂಡಕ್ಟರ್ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. "ವಾಸಣ್ಣ ಬನ್ನಿ, ಕೂತುಕೊಳ್ಳಿ" ಅಂತ ಎದುರಿನ ಸೀಟು ಬಿಡಿಸಿ ಕೂರಿಸುತ್ತಿದ್ದರು. ಹೋಗಲಿಕ್ಕೂ ಖರ್ಚಿಲ್ಲ, ತೋರಿಸಲಿಕ್ಕೂ ಖರ್ಚಿಲ್ಲ. ಮನೆಯಲ್ಲಿ ಕೂತು ಎಂತ ಮಾಡುವುದು ಹೇಳಿ?

"ನಿಮಗೆ ಎಂತ ಆಗಿದೆ ಅಂತ ಹೋಗುವುದು?" ಅಂತ ಜಲಜ ಕೇಳುತ್ತಿದ್ದಳು.

"ಎಂತ ಆಗಿದೆ ಅಂತ ಗೊತ್ತಿದ್ದರೆ ನಾನ್ಯಾಕೆ ಹೋಗಬೇಕು? ಅದನ್ನು ಹೇಳಲಿಕ್ಕೇ ಅಲ್ವಾ ಅವರು ಕೂತಿರುವುದು?" ಅನ್ನುತ್ತಿದ್ದೆ.

"ದೇವರೇ, ಈ ಮನುಷ್ಯನ ಹತ್ತಿರ ಮಾತಾಡಿ ನನ್ನ ಬಾಯಿಗೇ ಕಾಯಿಲೆ" ಅಂತ ಒಳಗೆ ಹೋಗುತ್ತಿದ್ದಳು.

ಹೀಗೆ ನನಗೆ ಮೂವರು ಡಾಕ್ಟರಾದರು. ಒಬ್ಬರು ಉಡುಪಿಯಲ್ಲಿ. ಅವರು ಬಿ.ಪಿ. ಸ್ವಲ್ಪ ಮೇಲೆ ಉಂಟು ಅಂತ ಒಂದು ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿ ಅಂದರು. ಒಳ್ಳೆಯ ಮನುಷ್ಯ. ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇಲ್ಲ. ಆದರೆ ಒಂದೆರಡು ತಿಂಗಳಾದ ಮೇಲೆ ಪಾದ ಸ್ವಲ್ಪ ಬಾತುಕೊಂಡಿತು. ಆ ವಾರ ಮಗಳ ಮನೆಗೆ ಹೋಗಿದ್ದೆ. ಬೆಳ್ಮಣ್ಣಿನಿಂದ ಕಾರ್ಕಳ ಎಷ್ಟು ದೂರ, ಒಂದು ಬಸ್ಸು ಹತ್ತಿದರೆ ಆಯಿತು. ಅಲ್ಲಿಯೂ ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಕಾಲು ಒತ್ತಿ ನೋಡಿ, ನೀರು ಇಳಿಯಲಿಕ್ಕೆ ಅಂತ ಒಂದು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಅಂದರು. "ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?" ಅಂತ ಸರಿಯಾಗಿ ಕೇಳಿದರು. ನನ್ನ ಬಾಯಿ ತನ್ನಿಂದ ತಾನೇ "ಇಲ್ಲ ಸರ್" ಅಂದಿತು. ಕೂತಿರುವುದು ಇವರ ಬಸ್ಸಿನಲ್ಲಿ, ಉಡುಪಿ ಬಸ್ಸಿನ ಸುದ್ದಿ ತೆಗೆಯುವುದು ಹೇಗೆ? ಅವರಿಗೆ ಬೇಜಾರಾಗಲಿಕ್ಕಿಲ್ವಾ?

ಮೂರನೆಯವರು ಸಿಕ್ಕಿದ್ದು ಕಟಪಾಡಿಯಲ್ಲಿ ಹಿರಿಯರಿಗೆ ಅಂತ ನಡೆದ ಒಂದು ಉಚಿತ ಶಿಬಿರದಲ್ಲಿ. ನನ್ನದೇ ಜಂಕ್ಷನ್ನು, ನಾನು ಹೋಗದಿದ್ದರೆ ಆಗುತ್ತದಾ? ಅವರೂ ಬಿ.ಪಿ. ನೋಡಿ ಒಂದು ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿ ಅಂತ ಅವರೂ ಹೇಳಿದರು.

ಈಗ ನೋಡಿ ನನ್ನ ನ್ಯಾಯ. ಮೂವರೂ ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಮೊದಲನೆಯವರ ಮಾತಿಗೆ ಅರ್ಧ ಮಾಡಿದೆ. ಎರಡನೆಯವರು ಹೇಳಿದಾಗ, ಅವರಿಗೂ ಮರ್ಯಾದೆ ಕೊಡಬೇಕಲ್ಲ ಅಂತ ಉಳಿದದ್ದರಲ್ಲಿ ಅರ್ಧ ಮಾಡಿದೆ. ಮೂರನೆಯವರಿಗೆ ಪೂರ್ತಿ ಬಿಟ್ಟೆ. ಮೂವರ ಮಾತ್ರೆಯನ್ನೂ ಒಂದು ದಿನವೂ ತಪ್ಪಿಸಲಿಲ್ಲ, ಯಾರದ್ದೂ ಟ್ರಿಪ್ ಕಟ್ ಮಾಡಲಿಲ್ಲ. ಸಾಲದ್ದಕ್ಕೆ ನಮ್ಮ ಸಂಜೀವಣ್ಣ. ಇವರು ಮೊದಲು ದೋಣಿಯಲ್ಲಿ ದುಡಿದವರು, ಈಗ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಜೊತೆಗಾರ. "ಈ ಪ್ರಾಯದಲ್ಲಿ ಕಿಡ್ನಿ ತೊಳೆಯುತ್ತಾ ಇರಬೇಕು ವಾಸಣ್ಣ, ನೀರು ಕುಡಿಯಿರಿ, ನೀರು" ಅಂತ ಬುದ್ಧಿ ಹೇಳಿದರು. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಆದರೂ ದೊಡ್ಡ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಕುಡಿದೆ, ಮತ್ತೆ ಕುಡಿದೆ.

ಸತ್ಯ ಹೇಳಬೇಕೆಂದರೆ ಆಸ್ಪತ್ರೆಗೆ ಹೋಗುವುದೇ ನನಗೆ ಇಷ್ಟ ಆಗಿತ್ತು. ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಡುವುದು. ಬೆಂಚಿನಲ್ಲಿ ನಾಲ್ಕು ಜನರ ನಡುವೆ ಕೂರುವುದು, ಯಾರ ಮೊಮ್ಮಗಳಿಗೆ ಎಲ್ಲಿ ಸಂಬಂಧ ಕುದುರಿತು, ಯಾವ ದೋಣಿಗೆ ಎಷ್ಟು ಬಂಗುಡೆ ಸಿಕ್ಕಿತು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ನರ್ಸ್ ಒಬ್ಬಳು ಬಂದು ಗಟ್ಟಿಯಾಗಿ ನನ್ನ ಹೆಸರು ಕರೆಯುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಹತ್ತು ಜನರ ಮಧ್ಯೆ ನನ್ನ ಹೆಸರು ಕರೆದವಳು ಅವಳೊಬ್ಬಳೇ. ಒಳಗೆ ಹೋದರೆ ಡಾಕ್ಟರು ನನ್ನ ಮುಖ ನೋಡಿ "ಎಂತ ಆಗ್ತಾ ಉಂಟು, ಹೇಳಿ" ಅನ್ನುತ್ತಿದ್ದರು. ಎಷ್ಟು ಚೆಂದದ ಪ್ರಶ್ನೆ ಅದು! ಎಂತದೂ ಆಗದಿದ್ದರೂ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು. ಹೇಳಿದೆ, ಅವರು ಬರೆದರು.

ಆಮೇಲೆ ನಿಜವಾಗಿಯೇ ಏನೋ ಒಂದು ಆಗಲಿಕ್ಕೆ ಶುರುವಾಯಿತು.

ಮೊದಲು ಬಾಯಿ ರುಚಿ ಹೋಯಿತು. ಉಪ್ಪಿಲ್ಲದ ಮೀನುಸಾರಿನಲ್ಲಿ ರುಚಿ ಎಲ್ಲಿಂದ ಬರಬೇಕು ಅಂತ ಜಲಜ ಬೈದಳು. ಮತ್ತೆ ತಲೆ ಭಾರ, ವಾಕರಿಕೆ, ನಡೆಯುವಾಗ ದೋಣಿಯಲ್ಲಿ ನಿಂತ ಹಾಗೆ ಒಂದು ಕಡೆಗೆ ವಾಲುವುದು. ಅದಾದರೂ ಪರವಾಗಿಲ್ಲ. ಒಂದು ದಿನ ಪಕ್ಕದ ಮನೆಯವಳು ಬಂದು, "ವಾಸಣ್ಣ, ಮಧ್ಯಾಹ್ನ ಊಟ ಆದ ಮೇಲೆ ಶಿರ್ವಕ್ಕೆ ಯಾವ ಬಸ್ಸು ಉಂಟು?" ಅಂತ ಕೇಳಿದಳು. ನಾನು ಬಾಯಿ ತೆರೆದೆ. ಬಾಯಲ್ಲಿ ಎಂತದೂ ಇಲ್ಲ. ಕಣ್ಣಿನ ಎದುರು ಬಸ್ಸಿನ ಬಣ್ಣ ಕಾಣುತ್ತಾ ಉಂಟು, ಹೆಸರು ಬರುವುದಿಲ್ಲ, ಟೈಮು ಬರುವುದಿಲ್ಲ. "ಈಗ ಟೈಮೆಲ್ಲ ಬದಲಾಗಿದೆ" ಅಂತ ಏನೋ ಹೇಳಿ ಒಳಗೆ ಹೋದೆ.

ಜಲಜ ಅದನ್ನು ನೋಡಿದ್ದಳು. ಆವತ್ತು ಒಂದು ಮಾತೂ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದೇ ನನಗೆ ಹೆದರಿಕೆ.

ನಮ್ಮ ದೊಡ್ಡಣ್ಣ ಕೊನೆಯ ಕಾಲದಲ್ಲಿ ಮಕ್ಕಳ ಗುರುತು ಮರೆತಿದ್ದರು. ಅಂಗಳದಲ್ಲಿ ನಿಂತು ಇದು ಯಾರ ಮನೆ ಅಂತ ಕೇಳುತ್ತಿದ್ದರು. ನನಗೂ ಅದೇ ಬಂತು ಅಂತ ನಾನು ಲೆಕ್ಕ ಹಾಕಿಬಿಟ್ಟೆ. ಮನೆಯವರೂ ಅದೇ ಲೆಕ್ಕ ಹಾಕಿದರು ಅಂತ ನನಗೆ ಗೊತ್ತಾಗುತ್ತಿತ್ತು. ಪ್ರತಿಮಾ ದಿನಾ ಫೋನ್ ಮಾಡಿ, "ಅಪ್ಪ, ಇವತ್ತು ಯಾವ ವಾರ?" ಅಂತ ನಗುತ್ತಾ ಕೇಳುತ್ತಿದ್ದಳು. ಆ ನಗುವಿನ ಹಿಂದೆ ಎಂತ ಇತ್ತು ಅಂತ ತಿಳಿಯದಷ್ಟು ದಡ್ಡ ನಾನಲ್ಲ. ಒಂದು ದಿನ ಗುರುವಾರಕ್ಕೆ ಸೋಮವಾರ ಅಂದೆ. ಅವಳು "ಹೌದಪ್ಪ" ಅಂದಳು. ಫೋನ್ ಇಟ್ಟ ಮೇಲೆ ಕ್ಯಾಲೆಂಡರ್ ನೋಡಿದಾಗ ಗೊತ್ತಾಯಿತು. ಮನುಷ್ಯನ ಕೈಕಾಲು ಹೋದರೆ ಹೋಗಲಿ ಮಾರಾಯ್ರೆ, ಕಟಪಾಡಿಯ ಏಜೆಂಟಿನ ತಲೆಯೇ ಹೋದರೆ ಇನ್ನು ಎಂತ ಉಳಿಯಿತು?

ಇಷ್ಟಾದರೂ ನನಗೆ ಬುದ್ಧಿ ಬಂತಾ? ಇಲ್ಲ. ನಾಲ್ಕನೆಯ ಡಾಕ್ಟರನ್ನು ಹುಡುಕಿದೆ. ಮರೆವಿಗೆ ಮಣಿಪಾಲದಲ್ಲಿ ಬೇರೆ ವಿಭಾಗವೇ ಉಂಟು ಅಂತ ಸಂಜೀವಣ್ಣ ಹೇಳಿದ್ದರು. ಯಾರಿಗೂ ಹೇಳದೆ ಬೆಳಗ್ಗೆ ಎದ್ದು, ಇಸ್ತ್ರಿ ಅಂಗಿ ಹಾಕಿ, ಕಾರ್ಡು ಕಿಸೆಗೆ ಹಾಕಿಕೊಂಡು ಕಾಪುವಿನ ಹೆದ್ದಾರಿಗೆ ಬಂದೆ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಬದಿ ಕೂತೆ. ಗಾಳಿ ಚೆನ್ನಾಗಿ ಬರುತ್ತಿತ್ತು. ಕಂಡಕ್ಟರ್ ಹಮೀದ್ ಬಂದ. ಅವನು ಕ್ಲೀನರ್ ಆಗಿದ್ದಾಗಿನಿಂದ ಅವನನ್ನು ನೋಡಿದವನು ನಾನು.

"ಎಂತ ವಾಸಣ್ಣ, ಸವಾರಿ ಎಲ್ಲಿಗೆ?"

"ಮಣಿಪಾಲಕ್ಕೆ."

ಅವನು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ನನ್ನ ಮುಖ ನೋಡಿ ಅವನ ನಗು ನಿಂತಿತು. "ವಾಸಣ್ಣ, ಇದು ಮಂಗಳೂರಿಗೆ ಹೋಗುವ ಬಸ್ಸು. ಉಚ್ಚಿಲ ದಾಟಿ ಆಯಿತು" ಅಂದ. ಮೆಲ್ಲಗೆ ಹೇಳಿದ, ಬೇರೆಯವರಿಗೆ ಕೇಳಬಾರದು ಅಂತ.

ಎಷ್ಟು ಜನರನ್ನು ಸರಿಯಾದ ಬಸ್ಸಿಗೆ ಹತ್ತಿಸಿದ್ದೇನೆ ನಾನು! ಮಲಗಿದ ಮಗುವನ್ನು ಎತ್ತಿಕೊಂಡ ತಾಯಂದಿರನ್ನು, ಮಣಿಪಾಲಕ್ಕೆ ಓದಲಿಕ್ಕೆ ಬಂದು ಕನ್ನಡ ಗೊತ್ತಿಲ್ಲದೆ ಕಣ್ಣುಕಣ್ಣು ಬಿಡುವ ಹುಡುಗರನ್ನು. ನಾನೇ ತಿರುಗಾಮುರುಗಾ ಬಸ್ಸು ಹತ್ತಿದ್ದೆ. ಎದ್ದು ಬಾಗಿಲ ಕಡೆಗೆ ಹೋಗಲಿಕ್ಕೆ ನೋಡಿ ಒಂದು ಕಡೆಗೆ ವಾಲಿದೆ, ಹಮೀದ್ ಹಿಡಿದು ಕೂರಿಸಿದ.

ನಮ್ಮ ಬಸ್ಸುಗಳಲ್ಲಿ ಪಾರ್ಸೆಲ್ ಕಳಿಸುವ ಪದ್ಧತಿ ಉಂಟು. ಮದ್ದು, ಮಲ್ಲಿಗೆಯ ಕಟ್ಟು, ಮರೆತುಬಂದ ಕನ್ನಡಕ, ಎಂತದಾದರೂ ಕಂಡಕ್ಟರಿನ ಕೈಗೆ ಕೊಟ್ಟರೆ ಮುಂದಿನ ಸ್ಟ್ಯಾಂಡಿನಲ್ಲಿ ಇಳಿಸುತ್ತಾರೆ. ಆವತ್ತು ನಾನೇ ಪಾರ್ಸೆಲ್. ಪಡುಬಿದ್ರಿಯಲ್ಲಿ ಹಮೀದ್ ನನ್ನನ್ನು ಕೈಹಿಡಿದು ಇಳಿಸಿ, ಎದುರಿನಿಂದ ಬಂದ ಉಡುಪಿ ಬಸ್ಸು ನಿಲ್ಲಿಸಿ, ಆ ಕಂಡಕ್ಟರಿಗೆ ಒಪ್ಪಿಸಿದ. "ಇವರು ನಮ್ಮ ವಾಸಣ್ಣ. ಕಾಪುವಿನಲ್ಲಿ ಮನೆಯವರು ನಿಂತಿರುತ್ತಾರೆ, ಕೈಯಲ್ಲೇ ಕೊಡಬೇಕು" ಅಂದ. ಜಲಜನಿಗೆ ಫೋನೂ ಮಾಡಿದ. ನನಗೆ ಸರಿಯಾಗಿ ನೆನಪಿರುವುದು ಅಲ್ಲಿಯವರೆಗೆ. ಅದರ ಮುಂದಿನ ಒಂದೆರಡು ದಿನ ನನ್ನ ಪಾಲಿಗೆ ಇಲ್ಲವೇ ಇಲ್ಲ. ಇನ್ನು ಬರೆಯುವುದು ಜಲಜ ಮತ್ತು ಪ್ರತಿಮಾ ಹೇಳಿದ್ದನ್ನು ಕೇಳಿ ತುಂಬಿಸಿಕೊಂಡದ್ದು.

ಕಾಪುವಿನಲ್ಲಿ ಜಲಜ ಹಳೆಯ ಮನೆಸೀರೆಯಲ್ಲೇ ಓಡಿ ಬಂದಿದ್ದಳಂತೆ. ನಾನು ಅವಳ ಮಾತಿಗೆ ಉತ್ತರ ಕೊಡಲಿಲ್ಲವಂತೆ. ಬಸ್ಸಿನವರು ಸೀದಾ ಆಟೋಕ್ಕೆ ಹತ್ತಿಸಿದರು, ಆಟೋ ಮಣಿಪಾಲಕ್ಕೆ ಬಿಟ್ಟಿತು. ನೋಡಿ, ಹೊರಟಲ್ಲಿಗೇ ತಲುಪಿದೆ. ಅಡ್ಮಿಟ್ ಮಾಡಿದರು. ಅಲ್ಲಿ ಆ ಕಾರ್ಡು ತನ್ನ ಕೆಲಸ ಮಾಡಿತು. ಪ್ರತಿಮಾ ಬೆಳ್ಮಣ್ಣಿನಿಂದ ಓಡಿ ಬರುವಾಗ ಹಣಕ್ಕೆ ಯಾರನ್ನು ಕೇಳುವುದು ಅಂತ ಯೋಚಿಸುತ್ತಾ ಬಂದಿದ್ದಳಂತೆ. ಕೌಂಟರಿನಲ್ಲಿ ಕಾರ್ಡು ತೋರಿಸಿದ ಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳಂತೆ. ಕಾರ್ಡಿಗೆ ನಾನು ಕೈಮುಗಿಯುತ್ತೇನೆ. ನನ್ನ ತಕರಾರು ಕಾರ್ಡಿನ ಮೇಲೆ ಅಲ್ಲ, ಅದನ್ನು ತಿರುಗಾಟದ ಪಾಸ್ ಮಾಡಿಕೊಂಡ ಈ ವಾಸುವಿನ ಮೇಲೆ.

ರಕ್ತ ಪರೀಕ್ಷೆ ಬಂತು. ರಕ್ತದಲ್ಲಿ ಉಪ್ಪಿನ ಅಂಶ ಇಳಿದುಹೋಗಿತ್ತು, ಚೆನ್ನಾಗಿಯೇ ಇಳಿದಿತ್ತು. ಅದು ಇಳಿದರೆ ಮನುಷ್ಯನಿಗೆ ಮಂಕು ಕವಿಯುತ್ತದೆಯಂತೆ, ದಿಕ್ಕು ತಪ್ಪುತ್ತದೆಯಂತೆ. ಕಡಲ ಬದಿಯಲ್ಲಿ ಹುಟ್ಟಿ ಬೆಳೆದವನಿಗೆ ಉಪ್ಪಿನ ಬರ!

ನನಗೆ ಮಬ್ಬು ಸ್ವಲ್ಪ ಇಳಿದಾಗ ಮಂಚದ ಹತ್ತಿರ ಸಣ್ಣ ಪ್ರಾಯದ ಒಬ್ಬ ಡಾಕ್ಟರಮ್ಮ ನಿಂತಿದ್ದರು. ಹುಬ್ಬಳ್ಳಿ ಕಡೆಯವರು. ಅವರ ಕನ್ನಡ ಕೇಳಲಿಕ್ಕೇ ಒಂದು ಖುಷಿ.

"ಅಜ್ಜಾರ, ಆರಾಮ ಅದೀರೇನ್ರಿ? ಮನ್ಯಾಗ ಯಾವ್ಯಾವ ಗುಳಗಿ ತಗೋತಿದ್ರಿ, ಹೇಳ್ರಿ ನೋಡೂಣು."

ತಲೆ ಅರ್ಧ ಮಾತ್ರ ಬಂದಿತ್ತು, ಆದರೆ ಬಂದ ಅರ್ಧದಲ್ಲಿ ಏಜೆಂಟನೇ ಇದ್ದ. "ಎಂತದೂ ಇಲ್ಲ ಡಾಕ್ಟ್ರೇ" ಅಂದೆ.

"ಹಂಗಂದ್ರ ಹ್ಯಾಂಗ್ರಿ? ಯಾರ ಕಡೆ ತೋರಿಸ್ತಿದ್ರಿ?"

"ಯಾರ ಹತ್ತಿರವೂ ಇಲ್ಲ. ನಿಮ್ಮ ಹತ್ತಿರವೇ ಮೊದಲು."

ಜಲಜ ಎದ್ದಳು. ಮನೆಯಿಂದ ತಂದ ಬಟ್ಟೆಯಂಗಡಿಯ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿದಳು. ಮಾತ್ರೆಯ ಪಟ್ಟಿಗಳು ನನ್ನ ಕಾಲಿನ ಮೇಲೆ ರಾಶಿ ಬಿದ್ದವು. "ಇದು ಉಡುಪಿಯದ್ದು, ಇದು ಕಾರ್ಕಳದ್ದು, ಇದು ಶಿಬಿರದ್ದು. ಮೂರನ್ನೂ ನುಂಗುತ್ತಿದ್ದರು. ಊಟ ಬಿಟ್ಟರೂ ಇದನ್ನು ಬಿಡಲಿಲ್ಲ" ಅಂದಳು.

ಡಾಕ್ಟರಮ್ಮ ಒಂದೊಂದನ್ನೇ ಎತ್ತಿ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮೊದಲನೆಯ ಮಾತ್ರೆಯಿಂದಲೇ ಕೆಲವರಿಗೆ ಪಾದ ಬಾಯುವುದುಂಟಂತೆ. ಪಾದ ಬಾತುಕೊಂಡದ್ದಕ್ಕೆ ನಾನು ಕಾರ್ಕಳದಲ್ಲಿ ನೀರಿಳಿಸುವ ಮಾತ್ರೆ ತಂದೆ. ಶಿಬಿರದ ಮಾತ್ರೆಯೊಳಗೂ ಅದೇ ಜಾತಿಯ ನೀರಿಳಿಸುವ ಮದ್ದು ಸೇರಿತ್ತು. ಅದರ ಮೇಲೆ ಉಪ್ಪು ಬಿಟ್ಟೆ, ಬಾಟಲಿಗಟ್ಟಲೆ ನೀರು ಕುಡಿದೆ. ಒಬ್ಬೊಬ್ಬರದ್ದೂ ಸರಿಯೇ, ಎಲ್ಲ ಒಟ್ಟು ಸೇರಿ ನನ್ನನ್ನು ಮಲಗಿಸಿತು.

"ಒಬ್ಬರಿಗೆ ಇನ್ನೊಬ್ಬರ ವಿಷಯ ಯಾಕ ಹೇಳಲಿಲ್ರಿ ಅಜ್ಜಾರ?"

ನಾನು ಬಸ್ಸಿನ ಮರ್ಯಾದೆಯ ಬಗ್ಗೆ ಹೇಳಿದೆ. ಒಬ್ಬ ಧಣಿಯ ಎದುರು ಇನ್ನೊಬ್ಬ ಧಣಿಯ ಸುದ್ದಿ ಎತ್ತಬಾರದು, ಎಲ್ಲರಿಗೂ ಸಮಾನ ಜನ ಹತ್ತಿಸಬೇಕು, ಯಾರಿಗೂ ಬೇಜಾರಾಗಬಾರದು. ಅವರು ಮೊದಲು ತುಟಿ ಕಚ್ಚಿಕೊಂಡರು. ಆಮೇಲೆ ತಡೆಯಲಿಕ್ಕೆ ಆಗದೆ ನಕ್ಕರು. ಪಕ್ಕದ ಮಂಚದವರೂ ನಕ್ಕರು. ನರ್ಸ್ ಬಾಗಿಲ ಹತ್ತಿರ ನಿಂತು ನಕ್ಕಳು.

"ಅಜ್ಜಾರ, ಮೂರೂ ಬಸ್ಸು ಒಂದ ಹೊಟ್ಟ್ಯಾಗ ನಿಲ್ಲಿಸೀರಲ್ರಿ! ಜಾಗ ಎಲ್ಲೈತಿ?"

"ಹಾಗಾದರೆ ನನಗೆ ಮರೆವಿನ ಕಾಯಿಲೆ ಅಲ್ವಾ?" ಅಂತ ಕೇಳಿದೆ. ಇಷ್ಟು ಹೊತ್ತು ಎಲ್ಲರೂ ನಗುವಾಗಲೂ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ.

ಅವರು ನಗು ನಿಲ್ಲಿಸಿ ನನ್ನ ಕೈ ಹಿಡಿದರು. "ಉಪ್ಪು ಮ್ಯಾಲ ಬರಲಿ, ಆಮ್ಯಾಲ ನೋಡೂಣು. ನನಗ ಅನಸ್ತದ, ನಿಮ್ಮ ತಲಿ ಎಲ್ಲೂ ಹೋಗಿಲ್ಲ." ಪೂರ್ತಿ ಮಾತು ಕೊಡಲಿಲ್ಲ. ಆದರೆ ಕೈ ಹಿಡಿದ ರೀತಿಯಲ್ಲಿ ನನಗೆ ಧೈರ್ಯ ಬಂತು.

ಉಪ್ಪನ್ನು ಒಮ್ಮೆಲೇ ಏರಿಸುವ ಹಾಗಿಲ್ಲವಂತೆ, ಮೆಲ್ಲ ಮೆಲ್ಲ ಏರಿಸಬೇಕು. ಕುಡಿಯುವ ನೀರಿಗೆ ಅಳತೆ ಇಟ್ಟರು. ಮಾತ್ರೆಗಳನ್ನೆಲ್ಲ ನಿಲ್ಲಿಸಿದರು. ದಿನಾ ರಕ್ತ ತೆಗೆಯುವುದು, ನೋಡುವುದು. ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಗ್ಗೆ ಗಂಜಿ ಬಂತು. "ಇವತ್ತು ಉಪ್ಪು ಹಾಕಿ ಕೊಡಬಹುದು" ಅಂತ ನರ್ಸ್ ಹೇಳಿದಳು. ಜಲಜ ಬೆರಳ ತುದಿಯಲ್ಲಿ ಉಪ್ಪು ತೆಗೆದು ಗಂಜಿಗೆ ಹಾಕಿ ಕಲಸಿದಳು. ಒಂದು ಚಮಚ ಬಾಯಿಗೆ ಹೋದದ್ದೇ ನನ್ನ ಕಣ್ಣಲ್ಲಿ ನೀರು ಬಂತು. ಅಬ್ಬ, ಅದೆಂತ ರುಚಿ! ಕುಚ್ಚಲಕ್ಕಿ ಗಂಜಿಗೆ ಉಪ್ಪು ಬಿದ್ದರೆ ಬೇರೆ ಎಂತ ಬೇಕು ಮಾರಾಯ್ರೆ? ಬಟ್ಟಲು ನೆಕ್ಕುವುದೊಂದು ಬಾಕಿ. "ಒಂದು ಚೂರು ಒಣಮೀನಿನ ಚಟ್ನಿ ಇದ್ದಿದ್ದರೆ" ಅಂದೆ. ಜಲಜ ಬೈಯಲಿಕ್ಕೆ ಶುರು ಮಾಡಿದಳು. ಎಷ್ಟು ದಿನ ಆಗಿತ್ತು ಅವಳ ಬೈಗುಳ ಕೇಳಿ! ಅದನ್ನು ಕೇಳುತ್ತಾ ಎರಡನೆಯ ಬಟ್ಟಲನ್ನೂ ಮುಗಿಸಿದೆ.

ಮಧ್ಯಾಹ್ನ ಪ್ರತಿಮಾ ಬಂದಾಗ ಅವಳಿಗೆ ಪ್ರಶ್ನೆ ಕೇಳಲಿಕ್ಕೆ ನಾನು ಅವಕಾಶವೇ ಕೊಡಲಿಲ್ಲ. ದಿಂಬಿಗೆ ಒರಗಿ ಕೂತು, ಬೆಳಗಿನ ಮೊದಲ ಬಸ್ಸಿನಿಂದ ಹಿಡಿದು ಕಟಪಾಡಿಯ ಟೈಮ್ ಒಂದೊಂದಾಗಿ ಹೇಳುತ್ತಾ ಹೋದೆ. ಶಿರ್ವದ್ದು, ಬೆಳ್ಮಣ್ಣಿನದ್ದು, ಉಡುಪಿ ಸರ್ವಿಸ್, ಮಂಗಳೂರು ಎಕ್ಸ್‌ಪ್ರೆಸ್. ಧ್ವನಿ ಏರಿತು. ಕೊನೆಗೆ ಸ್ಟ್ಯಾಂಡಿನಲ್ಲಿ ಕೂಗುವ ಹಾಗೆಯೇ ಕೂಗಿದೆ, "ಉಡುಪಿ ಉಡುಪಿ ಉಡುಪಿ!" ವಾರ್ಡಿನ ಆ ತುದಿಯಿಂದ ಒಬ್ಬ ಅಜ್ಜ "ನಾನು ಬರ್ತೇನೆ, ನಿಲ್ಲಿಸಿ!" ಅಂದರು. ಇಡೀ ವಾರ್ಡು ಬಿದ್ದು ಬಿದ್ದು ನಕ್ಕಿತು. ಪ್ರತಿಮಾ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ಅಳುವುದು ಯಾಕೆ, ನಿನ್ನಪ್ಪನಿಗೆ ತಲೆ ವಾಪಸು ಬಂತಲ್ಲ ಅಂದೆ. ನನಗೂ ಅಳು ಬಂತು.

ಮನೆಗೆ ಬರುವಾಗ ಒಂದೇ ಒಂದು ಮಾತ್ರೆ ಕೊಟ್ಟಿದ್ದರು. ಅಡುಗೆಗೆ ಹದವಾಗಿ ಉಪ್ಪು, ಬಾಯಾರಿದರೆ ನೀರು. ಕೆಲವು ವಾರ ಬಿಟ್ಟು ತೋರಿಸಲಿಕ್ಕೆ ಹೋದೆವು. ಡಾಕ್ಟರಮ್ಮ ಎಲ್ಲ ನೋಡಿದರು, ನೆನಪಿನ ಪರೀಕ್ಷೆಯೂ ಮಾಡಿದರು, ಎಲ್ಲ ಸರಿ ಉಂಟು ಅಂದರು. ನಾನು ಅಭ್ಯಾಸದ ಹಾಗೆ, "ಮತ್ತೆ ಯಾವಾಗ ಬರಬೇಕು? ಮುಂದಿನ ವಾರವಾ?" ಅಂತ ಕೇಳಿದೆ.

"ನಿಮ್ಮೂರಾಗ ಬಿ.ಪಿ. ತೋರಿಸ್ಕೋತ ಇರ್ರಿ, ಒಬ್ಬರ ಹತ್ರಾನ. ಏನರ ತ್ರಾಸ ಆದ್ರ ತಡಾ ಮಾಡದ ಬರ್ರಿ. ಸುಮ್ಮ ಸುಮ್ಮನ ಬರಬ್ಯಾಡ್ರಿ ಅಜ್ಜಾರ."

ಬರಬೇಡಿ ಅಂತ ಹೇಳಿಸಿಕೊಂಡು ಇಷ್ಟು ಸಂತೋಷಪಟ್ಟ ಮನುಷ್ಯ ಇನ್ನೊಬ್ಬ ಇರಲಿಕ್ಕಿಲ್ಲ.

ಈಗ ನಾನು ತೋರಿಸುವುದು ಕಾಪುವಿನ ಹತ್ತಿರವೇ ಒಬ್ಬ ಡಾಕ್ಟರಿಗೆ. ಅವರಿಗೆ ಎಲ್ಲ ಹೇಳುತ್ತೇನೆ. ಉಡುಪಿ, ಕಾರ್ಕಳ, ಶಿಬಿರ, ಮಣಿಪಾಲ, ಯಾರ ಸುದ್ದಿಯನ್ನೂ ಮುಚ್ಚಿಟ್ಟಿಲ್ಲ. ಅವರಿಗೆ ಬೇಜಾರೂ ಆಗಲಿಲ್ಲ. ಡಾಕ್ಟರು ಬಸ್ಸಿನ ಧಣಿ ಅಲ್ಲ ಅಂತ ತಿಳಿಯಲಿಕ್ಕೆ ನನಗೆ ಇಷ್ಟು ಪ್ರಾಯ ಬೇಕಾಯಿತು. ಇದನ್ನು ಓದುವ ನನ್ನ ಪ್ರಾಯದವರಿಗೆ ನಾನು ಹೇಳುವುದು ಇಷ್ಟೇ. ಹುಷಾರಿಲ್ಲದಿದ್ದರೆ ಹೋಗಿ, ಖಂಡಿತ ಹೋಗಿ, ಹೆದರಬೇಡಿ. ಮರೆವು ಶುರುವಾದರೆ ನನ್ನ ಹಾಗೆ ಒಬ್ಬರೇ ಕೂತು ಲೆಕ್ಕ ಹಾಕಬೇಡಿ, ಅದು ಗುಣ ಆಗುವಂಥದ್ದೂ ಇರಬಹುದು. ಆದರೆ ಬೇಸರ ಕಳೆಯಲಿಕ್ಕೆ ಅಂತ ಹೋದರೆ ಅವರು ಬೇಸರಕ್ಕೆ ಮಾತ್ರೆ ಕೊಡುವುದಿಲ್ಲ, ಬಿ.ಪಿ.ಗೆ ಕೊಡುತ್ತಾರೆ. ಬೇಸರಕ್ಕೆ ಈಗ ನಾನೂ ಸಂಜೀವಣ್ಣನೂ ಸಂಜೆ ಕಡಲ ಬದಿಗೆ ಹೋಗುತ್ತೇವೆ. ಆಸ್ಪತ್ರೆ ಬೆಂಚಿನ ಇನ್ನಿಬ್ಬರೂ ಬರುತ್ತಾರೆ. ಕಾಯಿಲೆಯ ಸುದ್ದಿ ತೆಗೆದವರು ಎಲ್ಲರಿಗೂ ಚುರುಮುರಿ ಕೊಡಿಸಬೇಕು ಅಂತ ಒಪ್ಪಂದ. ಇದುವರೆಗೆ ಕೊಡಿಸಿದ್ದೆಲ್ಲ ಸಂಜೀವಣ್ಣನೇ.

ಮೊನ್ನೆ ಮಧ್ಯಾಹ್ನ ಜಲಜ ಮತ್ತು ನಾನು ಊಟಕ್ಕೆ ಕೂತಿದ್ದೆವು. ಬಂಗುಡೆ ಪುಳಿಮುಂಚಿ ಸಾರು, ಉಪ್ಪು ಹದವಾಗಿತ್ತು. ನಾನು ಸುಮ್ಮನೆ ಕೇಳಿದೆ, "ಆಸ್ಪತ್ರೆಯಲ್ಲಿ ಮೊದಲ ಎರಡು ದಿನ ನಾನು ಎಂತ ಮಾತಾಡಿದೆ? ನೀನು ಸರಿಯಾಗಿ ಹೇಳಲೇ ಇಲ್ಲ."

ಅವಳು ತಟ್ಟೆ ನೋಡುತ್ತಾ, "ಅದೆಲ್ಲ ಈಗ ಯಾಕೆ?" ಅಂದಳು. ನಾನು ಬಿಡಲಿಲ್ಲ.

"ನಿಮಗೆ ನನ್ನ ಗುರುತು ಸಿಗಲಿಲ್ಲ" ಅಂದಳು. "ಮಂಚದ ಹತ್ತಿರ ನಿಂತಿದ್ದೆ. ನೀವು ಕಣ್ಣು ಬಿಟ್ಟು ನನ್ನನ್ನು ನೋಡಿ, 'ಅಮ್ಮಾ, ನಿಮಗೆ ಎಲ್ಲಿಗೆ ಹೋಗಬೇಕು?' ಅಂತ ಕೇಳಿದಿರಿ. ನಾನು ಜಲಜ ಅಂದೆ. ಅದು ನಿಮಗೆ ಮುಟ್ಟಲಿಲ್ಲ. ಮತ್ತೆ ಅದನ್ನೇ ಕೇಳಿದಿರಿ. ನಾನು ಎಂತ ಹೇಳಲಿ, ಕಾಪುವಿಗೆ ಅಂದೆ. ಆಗ ನೀವು ಕಿಟಕಿಯ ಕಡೆ ತಿರುಗಿ ಯಾರಿಗೋ ಕೂಗಿದಿರಿ, 'ಏ, ಈ ಅಮ್ಮ ಆಗಿಂದ ನಿಂತೇ ಇದ್ದಾರೆ, ಪಾಪ, ಬಚ್ಚಿ ಸುಸ್ತಾಗಿದ್ದಾರೆ. ಇವರಿಗೆ ಎದುರಿನ ಸೀಟು ಕೊಡಿ, ಕಿಟಕಿ ಬದಿಯದ್ದು. ಮನೆಯವರೆಗೆ ಜಾಗ್ರತೆಯಾಗಿ ಬಿಡಿ' ಅಂತ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ.

"ಅಲ್ಲಿಯವರೆಗೆ ಹೆದರಿ ಹೆದರಿ ಸತ್ತಿದ್ದೆ" ಅಂದಳು ಜಲಜ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು. "ಆ ಮಾತು ಕೇಳಿ ಹೆದರಿಕೆ ಹೋಯಿತು. ಇವರು ನನ್ನನ್ನು ಪೂರ್ತಿ ಮರೆತುಬಿಟ್ಟರೂ ಸೀಟು ಮಾತ್ರ ಕೊಡುತ್ತಾರೆ ಅಂತ ಗೊತ್ತಾಯಿತು."